ನೀರಾವರಿ ನೀರಿನಲ್ಲಿ ಕಳೆನಾಶಕದ ಉಳಿಕೆ: ಹುಲ್ಲುಹಾಸಿನ ಹಾನಿಯನ್ನು ಗುರುತಿಸಿ ಸರಿಪಡಿಸುವ ಕ್ರಮ

ಹುಲ್ಲುಹಾಸು ಹಳದಿಗೆ ತಿರುಗಿದಾಗ ಸಾಮಾನ್ಯವಾಗಿ ಮೊದಲು ಗೊಬ್ಬರದ ಕೊರತೆಯನ್ನು, ಅದಾದ ಮೇಲೆ ಶಿಲೀಂಧ್ರ ರೋಗವನ್ನು, ಕೊನೆಗೆ ನೀರು ಸಾಲದಾಯಿತೇ ಎಂಬುದನ್ನು ಶಂಕಿಸುತ್ತೇವೆ. ಹರಿಸುತ್ತಿರುವ ನೀರಿನಲ್ಲಿಯೇ ಏನಾದರೂ ಸೇರಿರಬಹುದೇ ಎಂಬ ಪ್ರಶ್ನೆ ಏಳುವ ಹೊತ್ತಿಗೆ ಎಷ್ಟೋ ಸಲ ಒಂದು ಹಂಗಾಮೇ ಕಳೆದಿರುತ್ತದೆ. ಹೊಂಡ, ಕಾಲುವೆ, ಹಳ್ಳ ಅಥವಾ ಹೊಲಗಳಿಂದ ಬಸಿದು ಬಂದ ನೀರನ್ನು ಬಳಸುವ ಉದ್ಯಾನಗಳಲ್ಲಿ, ಆಟದ ಮೈದಾನಗಳಲ್ಲಿ, ಗಾಲ್ಫ್ ಅಂಗಳಗಳಲ್ಲಿ ಈ ಪ್ರಶ್ನೆಯನ್ನು ಮೊದಲೇ ಕೇಳಿಕೊಳ್ಳುವುದು ಒಳ್ಳೆಯದು. ಹಾಗೆ ಕೇಳುವಾಗ ಒಂದು ವಿಷಯ ಸ್ಪಷ್ಟವಾಗಿರಬೇಕು: ಉಳಿಕೆಯ ಅಪಾಯವನ್ನು ಒಂದು ಲೋಟ ನೀರಿನಲ್ಲಿ ಎಷ್ಟಿದೆ ಎಂಬುದರಿಂದಷ್ಟೇ ಅಳೆಯಲಾಗದು, ವಾರಗಟ್ಟಲೆ ನೀರುಣಿಸಿದ ಮೇಲೆ ನೆಲಕ್ಕೆ ಒಟ್ಟು ಎಷ್ಟು ಬಿದ್ದಿದೆ ಎಂಬುದರಿಂದ ಅಳೆಯಬೇಕು. ಮುಂದಿನ ಹಂತಗಳೆಲ್ಲ ಈ ಲೆಕ್ಕದ ಸುತ್ತಲೇ ಇವೆ.

ಹಂತ 1: ನೀರು ಬರುವ ದಾರಿಯನ್ನು ತಿಳಿದುಕೊಳ್ಳಿ

ಕಳೆನಾಶಕವು ನೀರಾವರಿ ನೀರಿಗೆ ಸೇರುವ ದಾರಿಗಳು ಮುಖ್ಯವಾಗಿ ಮೂರು. ಹೊಂಡದಲ್ಲಿ ಬೆಳೆದ ಜಲಕಳೆಯನ್ನು ಕೊಲ್ಲಲು ನೀರಿಗೇ ಹಾಕಿದ ಔಷಧಿ ಮೊದಲನೆಯದು. ಸುತ್ತಲಿನ ಹೊಲಗಳಿಂದ ಮಳೆನೀರಿನೊಂದಿಗೆ ಹರಿದು ಬರುವುದು ಎರಡನೆಯದು. ಸಿಂಪಡಣೆಯಾದ ಕೆಲವೇ ದಿನಗಳೊಳಗೆ ಬೀಳುವ ಮೊದಲ ಜೋರು ಮಳೆಯಲ್ಲಿಯೇ ಅತಿ ಹೆಚ್ಚು ಪ್ರಮಾಣ ಕೊಚ್ಚಿಹೋಗುತ್ತದೆ. ಮೂರನೆಯದನ್ನು ಹೆಚ್ಚಿನವರು ಗಮನಿಸುವುದೇ ಇಲ್ಲ: ಸಿಂಪಡಣಾ ಟ್ಯಾಂಕಿಗೆ ನೀರು ತುಂಬಿಸುವಾಗ ಪೈಪಿನ ತುದಿ ದ್ರಾವಣದಲ್ಲಿ ಮುಳುಗಿದ್ದು, ಅದೇ ಹೊತ್ತಿಗೆ ಪಂಪ್ ನಿಂತರೆ, ಪೈಪು ಟ್ಯಾಂಕಿನ ದ್ರಾವಣವನ್ನೇ ಹಿಮ್ಮುಖವಾಗಿ ಎಳೆದುಕೊಳ್ಳುತ್ತದೆ.

ಆದ್ದರಿಂದ ಹೊಂಡವನ್ನು ನೋಡಿಕೊಳ್ಳುವವರಿಂದ ಕಳೆದ ಒಂದು ವರ್ಷದಲ್ಲಿ ಯಾವ ಔಷಧಿಯನ್ನು, ಯಾವ ದಿನ, ಎಷ್ಟು ಹಾಕಲಾಯಿತು ಎಂಬುದನ್ನು ಬರೆದುಕೊಳ್ಳಿ. ಮೇಲ್ಭಾಗದ ಹೊಲಗಳಲ್ಲಿ ಬಳಸುವ ಕಳೆನಾಶಕಗಳ ಹೆಸರನ್ನೂ ಕೇಳಿ ತಿಳಿಯಿರಿ. ವಾಣಿಜ್ಯ ಹೆಸರು ಸಾಲದು. ಡಬ್ಬಿಯ ಮೇಲಿನ ಸಕ್ರಿಯ ಅಂಶದ, ಅಂದರೆ ಕಳೆಯನ್ನು ಕೊಲ್ಲುವ ಮೂಲ ರಾಸಾಯನಿಕದ, ಹೆಸರು ಬೇಕು, ಏಕೆಂದರೆ ನೀರಿನಲ್ಲಿ ಎಲ್ಲ ಕಳೆನಾಶಕಗಳೂ ಒಂದೇ ರೀತಿ ವರ್ತಿಸುವುದಿಲ್ಲ.

ಗ್ಲೈಫೊಸೇಟ್ ಮತ್ತು ಡೈಕ್ವಾಟ್ ಮಣ್ಣಿನ ಕಣಗಳಿಗೆ ಬಲವಾಗಿ ಅಂಟಿಕೊಳ್ಳುತ್ತವೆ. ಕದಡಿದ ನೀರಿನಲ್ಲಿ ಅವುಗಳ ಶಕ್ತಿ ಬೇಗನೆ ಕುಂದುತ್ತದೆ, ನೆಲಕ್ಕೆ ಬಿದ್ದ ಮೇಲೆ ಬೇರಿಗೆ ಸಿಗುವುದು ಅತ್ಯಲ್ಪ. ನೀರಿನಲ್ಲಿ ಗ್ಲೈಫೊಸೇಟ್ ಇದೆ ಎಂದಾಕ್ಷಣ ಹುಲ್ಲಿನ ಹಾನಿಗೆಲ್ಲ ಅದನ್ನೇ ಹೊಣೆ ಮಾಡುವ ರೂಢಿಯುಂಟು. ಉಳಿಕೆಯ ಮಟ್ಟದಲ್ಲಿ ಅದು ಹುಲ್ಲುಹಾಸನ್ನು ಕೆಡಿಸುವ ಸಾಧ್ಯತೆ ಬಹಳ ಕಡಿಮೆ. ಅಟ್ರಜಿನ್, ಸಿಮಜಿನ್, ಇಮಜಾಪಿರ್, ಪಿಕ್ಲೋರಾಮ್, ಮೆಟ್‌ಸಲ್ಫ್ಯುರಾನ್‌ನಂಥವು ನೀರಿನೊಂದಿಗೆ ಸುಲಭವಾಗಿ ಚಲಿಸುತ್ತವೆ, ಮಣ್ಣಿನಲ್ಲಿಯೂ ವಾರಗಟ್ಟಲೆ ಅಥವಾ ತಿಂಗಳುಗಟ್ಟಲೆ ಉಳಿಯುತ್ತವೆ. ಹೊಂಡಗಳಲ್ಲಿ ಬಳಸುವ ಫ್ಲೂರಿಡೋನ್ ನೀರಿನಲ್ಲಿಯೇ ದೀರ್ಘಕಾಲ ನಿಂತು ನಿಧಾನವಾಗಿ ಕೆಲಸ ಮಾಡುವಂತೆ ರೂಪಿಸಿದ ಔಷಧಿ, ಮುಖ್ಯವಾಗಿ ಸೂರ್ಯನ ಬೆಳಕಿನಿಂದಲೇ ಅದು ಒಡೆಯಬೇಕು. ಹೀಗಾಗಿ ಆಳವಾದ, ಪಾಚಿ ತುಂಬಿದ ಹೊಂಡದಲ್ಲಿ ಅದು ಇನ್ನಷ್ಟು ಕಾಲ ಉಳಿಯುತ್ತದೆ. ಪೆಂಡಿಮೆಥಾಲಿನ್‌ನಂಥವು ನೀರಿನಲ್ಲಿ ಕರಗುವುದೇ ಕಡಿಮೆ. ಅವು ಬರುವುದು ಕೊಚ್ಚಿಬಂದ ಹೂಳಿನ ಜೊತೆಗೆ.

ಹಂತ 2: ಹಾನಿಯ ಆಕಾರವನ್ನು ಓದಿ

ಎಲೆಯನ್ನು ನೋಡುವ ಮೊದಲು ನೆಲವನ್ನು ನೋಡಿ. ರೋಗವು ಮಚ್ಚೆಮಚ್ಚೆಯಾಗಿ ಹರಡುತ್ತದೆ, ತೇವ ನಿಲ್ಲುವ ತಗ್ಗುಗಳಲ್ಲಿ ಹೆಚ್ಚುತ್ತದೆ. ನೀರಿನಿಂದ ಬಂದ ಹಾನಿ ಸ್ಪ್ರಿಂಕ್ಲರ್ ತಿರುಗುವ ಕಮಾನಿನ ಆಕಾರದಲ್ಲಿ ಕಾಣುತ್ತದೆ. ಎರಡು ಸ್ಪ್ರಿಂಕ್ಲರ್‌ಗಳ ಹರವು ಒಂದರ ಮೇಲೊಂದು ಬೀಳುವ ಕಡೆ ಹೆಚ್ಚಾಗಿ, ನೀರು ತಲುಪದ ಮೂಲೆಗಳಲ್ಲಿ ಹುಲ್ಲು ಬಾಡಿದ್ದರೂ ಬಣ್ಣ ಕೆಡದೆ ಇರುತ್ತದೆ. ಚೆನ್ನಾಗಿ ನೀರು ಸಿಕ್ಕ ಜಾಗದ ಹುಲ್ಲು ಸೊರಗಿ, ನೀರು ಸಿಗದ ಅಂಚಿನ ಹುಲ್ಲು ನೆಟ್ಟಗಿದ್ದರೆ ನೀರಿನ ಮೇಲೆ ಅನುಮಾನ ಪಡಲು ಅದಕ್ಕಿಂತ ದೊಡ್ಡ ಸಾಕ್ಷಿ ಬೇಕಿಲ್ಲ. ಬೆಳಿಗ್ಗೆ ಏಣಿಯ ಮೇಲೆ ನಿಂತೋ, ಮಹಡಿಯಿಂದಲೋ ಒಂದು ಚಿತ್ರ ತೆಗೆದಿಟ್ಟುಕೊಂಡು, ಅದರ ಮೇಲೆ ಸ್ಪ್ರಿಂಕ್ಲರ್‌ಗಳ ಜಾಗವನ್ನು ಗುರುತು ಹಾಕಿ.

ಅನಂತರ ಎಲೆಗೆ ಬನ್ನಿ. ಕಳೆನಾಶಕಗಳ ಪ್ರತಿಯೊಂದು ಗುಂಪೂ ಗಿಡದ ಬೇರೆ ಬೇರೆ ಕೆಲಸಕ್ಕೆ ಕೈ ಹಾಕುವುದರಿಂದ ಲಕ್ಷಣಗಳೂ ಬೇರೆಯಾಗಿರುತ್ತವೆ.

ಅಟ್ರಜಿನ್, ಸಿಮಜಿನ್, ಡೈಯುರಾನ್ ದ್ಯುತಿಸಂಶ್ಲೇಷಣೆಯನ್ನು ತಡೆಯುತ್ತವೆ. ಬೇರು ಹೀರಿದ ಔಷಧಿ ನೀರಿನೊಂದಿಗೆ ಮೇಲೇರಿ ಎಲೆಯ ತುದಿ ಮತ್ತು ಅಂಚುಗಳಲ್ಲಿ ಶೇಖರವಾಗುವುದರಿಂದ ಹಳೆಯ ಎಲೆಗಳೇ ಮೊದಲು ತುದಿಯಿಂದ ಹಳದಿಯಾಗಿ ಕಂದುತ್ತವೆ, ಸುಳಿ ಬಹುಕಾಲ ಹಸಿರಾಗಿಯೇ ಇರುತ್ತದೆ. ಫ್ಲೂರಿಡೋನ್ ಮತ್ತು ಟೊಪ್ರಮೆಜೋನ್ ಇದಕ್ಕೆ ತದ್ವಿರುದ್ಧ: ಅವು ಹಸಿರನ್ನು ಬಿಸಿಲಿನಿಂದ ಕಾಯುವ ಕೆರೋಟಿನ್ ವರ್ಣಕಗಳು ಹುಟ್ಟದಂತೆ ಮಾಡುತ್ತವೆ, ಆದ್ದರಿಂದ ಈಗಾಗಲೇ ಬೆಳೆದ ಎಲೆ ಹಸಿರಾಗಿಯೇ ಉಳಿದು ಹೊಸದಾಗಿ ಬರುವ ಎಲೆ ಬೆಳ್ಳಗೆ, ಕೆಲವೊಮ್ಮೆ ನಸುಗೆಂಪು ಛಾಯೆಯೊಂದಿಗೆ ಮೂಡುತ್ತದೆ. ಒಂದೇ ಬುಡದಲ್ಲಿ ಹಸಿರು ಹಳೆ ಎಲೆಯನ್ನೂ ಹಾಲುಬಿಳುಪಿನ ಸುಳಿಯನ್ನೂ ಕಂಡರೆ ಈ ಗುಂಪನ್ನೇ ಮೊದಲು ಹುಡುಕಬೇಕು.

ಇಮಜಾಪಿರ್, ಮೆಟ್‌ಸಲ್ಫ್ಯುರಾನ್, ಪೆನಾಕ್ಸುಲಾಮ್, ಬಿಸ್ಪೈರಿಬ್ಯಾಕ್ ಇವು ಅಮೈನೋ ಆಮ್ಲಗಳ ತಯಾರಿಕೆಯನ್ನು ನಿಲ್ಲಿಸುತ್ತವೆ. ಇವುಗಳ ಹಾನಿ ಕಣ್ಣಿಗೆ ಹೊಡೆಯುವಂತಿರುವುದಿಲ್ಲ. ಹುಲ್ಲು ಸಾಯುವುದಿಲ್ಲ, ಬೆಳೆಯುವುದೂ ಇಲ್ಲ. ಕತ್ತರಿಸಬೇಕಾದ ವಾರ ಬಂದರೂ ಯಂತ್ರಕ್ಕೆ ಏನೂ ಸಿಗುವುದಿಲ್ಲ. ಇಂಥ ಸಂದರ್ಭದಲ್ಲಿ ಅಂಗೈ ಅಗಲದ ಒಂದು ತುಂಡನ್ನು ಬೇರುಸಹಿತ ಕಿತ್ತು, ಬಕೆಟ್ಟಿನಲ್ಲಿ ಮಣ್ಣು ಬಿಡುವವರೆಗೆ ಅದ್ದಿ ತೊಳೆದು, ಬಿಳಿ ತಟ್ಟೆಯ ಮೇಲೆ ಹರಡಿ ಭೂತಗನ್ನಡಿಯಲ್ಲಿ ನೋಡಿ. ಆರೋಗ್ಯದ ಬೇರು ಬಿಳಿಯಾಗಿ, ತುದಿಯವರೆಗೆ ಸಣ್ಣಗಾಗುತ್ತ ಹೋಗಿ, ನವುರಾದ ರೋಮಗಳಿಂದ ತುಂಬಿರುತ್ತದೆ. ಈ ಗುಂಪಿನ ಔಷಧಿ ತಗುಲಿದ ಬೇರಿನಲ್ಲಿ ಮೊಟಕಾದ ಕವಲುಗಳು ಒತ್ತೊತ್ತಾಗಿ ಸೀಸೆ ತೊಳೆಯುವ ಬ್ರಷ್ಷಿನಂತೆ ನಿಂತಿರುತ್ತವೆ. ಪೆಂಡಿಮೆಥಾಲಿನ್‌ನ ಗುಂಪಿನದಾದರೆ ಬೇರಿನ ತುದಿ ಸಣ್ಣಗಾಗುವ ಬದಲು ದಪ್ಪವಾಗಿ ಊದಿಕೊಂಡು ಅಲ್ಲಿಗೇ ನಿಂತಿರುತ್ತದೆ. ಎಲೆಯ ಮೇಲೆ ಹೇಳಲಾಗದ್ದನ್ನು ಬೇರು ಹೇಳುತ್ತದೆ, ಆದರೂ ಬೇರು ತೊಳೆದು ನೋಡುವವರು ಕಡಿಮೆ ಎಂಬುದು ಬೇಸರದ ಸಂಗತಿ.

2,4-ಡಿ, ಟ್ರೈಕ್ಲೋಪಿರ್, ಪಿಕ್ಲೋರಾಮ್‌ನಂಥ ಹಾರ್ಮೋನು ಬಗೆಯ ಕಳೆನಾಶಕಗಳನ್ನು ಬೆಳೆದ ಹುಲ್ಲು ತಾಳಿಕೊಳ್ಳುತ್ತದೆ. ಅವುಗಳ ಸುಳಿವು ಹುಲ್ಲಿನಲ್ಲಿ ಸಿಗುವುದಿಲ್ಲ, ಅದೇ ನೀರು ಕುಡಿದ ಅಕ್ಕಪಕ್ಕದ ಅಗಲ ಎಲೆಯ ಗಿಡಗಳಲ್ಲಿ ಸಿಗುತ್ತದೆ: ಟೊಮೆಟೊ, ಗುಲಾಬಿ ಗಿಡಗಳ ಚಿಗುರು ಬಟ್ಟಲಿನಂತೆ ಮಡಚಿ ತಿರುಚಿಕೊಳ್ಳುತ್ತದೆ.

ಹಂತ 3: ಹೋಲುವ ತೊಂದರೆಗಳನ್ನು ಬದಿಗಿಡಿ

ಎಲೆಯ ತುದಿ ಕಂದುವುದು ಉಪ್ಪಿನಿಂದಲೂ ಆಗುತ್ತದೆ, ಅಟ್ರಜಿನ್‌ನಿಂದಲೂ ಆಗುತ್ತದೆ. ನೀರಿನ ವಿದ್ಯುತ್ ವಾಹಕತೆಯನ್ನು ಅಳೆಯುವ ಚಿಕ್ಕ ಉಪಕರಣವೊಂದಿದ್ದರೆ ಉತ್ತರ ಕೂಡಲೇ ಸಿಗುತ್ತದೆ: ಓದು ಪ್ರತಿ ಮೀಟರಿಗೆ 3 ಡೆಸಿಸೀಮೆನ್ಸ್ ದಾಟಿದ್ದರೆ ಮೊದಲು ಉಪ್ಪನ್ನು ಸರಿಪಡಿಸಬೇಕು. ಹೊಸ ಎಲೆ ಬಿಳಿಚುವುದು ಕಬ್ಬಿಣದ ಕೊರತೆಯಲ್ಲಿಯೂ ಕಾಣುತ್ತದೆ. ಆದರೆ ಅಲ್ಲಿ ನಾಳಗಳು ಹಸಿರಾಗಿಯೇ ಇದ್ದು ನಡುವೆ ಹಳದಿ ಗೆರೆಗಳು ಮೂಡುತ್ತವೆ, ಒಂದು ಚದರ ಮೀಟರಿನಷ್ಟು ಜಾಗಕ್ಕೆ ತೆಳುವಾದ ಫೆರಸ್ ಸಲ್ಫೇಟ್ ದ್ರಾವಣ ಸಿಂಪಡಿಸಿದರೆ ಕೆಲವೇ ದಿನಗಳಲ್ಲಿ ಹಸಿರು ಮರಳುತ್ತದೆ. ಫ್ಲೂರಿಡೋನ್ ಬಿಳುಪು ಕಬ್ಬಿಣಕ್ಕೆ ಬಗ್ಗುವುದಿಲ್ಲ. ಸಾರಜನಕದ ಕೊರತೆಯಾದರೆ ಹಳೆಯ ಎಲೆ ಪೂರ್ತಿ ಒಂದೇ ಸಮನಾಗಿ ತಿಳಿಯಾಗುತ್ತದೆ, ಅಂಚು ಸುಡುವುದಿಲ್ಲ.

ಹಂತ 4: ನೆಲಕ್ಕೆ ಬಿದ್ದದ್ದನ್ನು ಲೆಕ್ಕ ಹಾಕಿ

ಇದು ಎಲ್ಲಕ್ಕಿಂತ ಮುಖ್ಯವಾದ ಹಂತ, ಕಷ್ಟದ್ದೇನೂ ಅಲ್ಲ. ಪ್ರಯೋಗಾಲಯಗಳು ಉಳಿಕೆಯನ್ನು ಪಿಪಿಬಿಯಲ್ಲಿ ಹೇಳುತ್ತವೆ. ನೀರಿನ ಮಟ್ಟಿಗೆ 1 ಪಿಪಿಬಿ ಎಂದರೆ ಲೀಟರಿಗೆ 1 ಮೈಕ್ರೋಗ್ರಾಂ. ಒಂದು ಚದರ ಮೀಟರಿನ ಮೇಲೆ 1 ಮಿಲಿಮೀಟರ್ ನೀರು ಎಂದರೆ 1 ಲೀಟರ್. ಇವೆರಡನ್ನು ಜೋಡಿಸಿದರೆ ಸೂತ್ರ ಹೀಗಾಗುತ್ತದೆ: ಕೊಟ್ಟ ನೀರನ್ನು ಮಿಲಿಮೀಟರಿನಲ್ಲಿ ತೆಗೆದುಕೊಂಡು ಪಿಪಿಬಿಯಿಂದ ಗುಣಿಸಿ 100ರಿಂದ ಭಾಗಿಸಿದರೆ ಹೆಕ್ಟೇರಿಗೆ ಎಷ್ಟು ಗ್ರಾಂ ಬಿತ್ತು ಎಂಬುದು ಸಿಗುತ್ತದೆ.

ವಾರಕ್ಕೆ 25 ಮಿಲಿಮೀಟರಿನಂತೆ 12 ವಾರ ನೀರುಣಿಸಿದರೆ 300 ಮಿಲಿಮೀಟರ್. ನೀರಿನಲ್ಲಿ 10 ಪಿಪಿಬಿ ಅಟ್ರಜಿನ್ ಇದ್ದರೆ ಹೆಕ್ಟೇರಿಗೆ ಬಿದ್ದದ್ದು 30 ಗ್ರಾಂ. ಹೊಲಗಳಲ್ಲಿ ಅದನ್ನು ಹೆಕ್ಟೇರಿಗೆ ಸುಮಾರು 1 ಕಿಲೋಗ್ರಾಂ ಅಥವಾ ಅದಕ್ಕಿಂತ ಹೆಚ್ಚು ಬಳಸುವುದರಿಂದ ಬೆಳೆದ ಗರಿಕೆ ಹುಲ್ಲಿಗೆ ಈ 30 ಗ್ರಾಂ ದೊಡ್ಡದಲ್ಲ. ಈಗ ಅದೇ ನೀರಿನಲ್ಲಿ ಕೇವಲ 1 ಪಿಪಿಬಿ ಮೆಟ್‌ಸಲ್ಫ್ಯುರಾನ್ ಇದೆಯೆಂದು ಇಟ್ಟುಕೊಳ್ಳಿ. ಬಿದ್ದದ್ದು ಹೆಕ್ಟೇರಿಗೆ 3 ಗ್ರಾಂ ಮಾತ್ರ. ಆದರೆ ಗೋಧಿ ಹೊಲದ ಕಳೆಗಳಿಗೆ ಶಿಫಾರಸಾದ ಪ್ರಮಾಣವೇ ಹೆಕ್ಟೇರಿಗೆ 4 ಗ್ರಾಂ! ಹತ್ತು ಪಾಲು ಕಡಿಮೆ ಸಾಂದ್ರತೆಯ ಔಷಧಿ ಇಲ್ಲಿ ಪೂರ್ಣ ಸಿಂಪಡಣೆಯ ಹತ್ತಿರಕ್ಕೆ ಬಂದು ನಿಂತಿದೆ. ವರದಿಯಲ್ಲಿ ಸಣ್ಣ ಅಂಕಿ ಕಂಡು ಸಮಾಧಾನಪಟ್ಟುಕೊಳ್ಳಬಾರದು ಎನ್ನುವುದು ಇದೇ ಕಾರಣಕ್ಕೆ.

ಈ ಲೆಕ್ಕ ನೆಲದಲ್ಲಿ ಏನೂ ಒಡೆಯಲಿಲ್ಲ ಎಂದು ಭಾವಿಸಿದ ಗರಿಷ್ಠ ಅಂದಾಜು. ನಿಜವಾದ ಪ್ರಮಾಣ ಅದಕ್ಕಿಂತ ಕಡಿಮೆಯಿರುತ್ತದೆ, ಆದರೆ ಎಷ್ಟು ಕಡಿಮೆ ಎಂಬುದು ಮಣ್ಣಿನ ಮೇಲೆ ನಿಂತಿದೆ. ಅಟ್ರಜಿನ್ ಮತ್ತು ಮೆಟ್‌ಸಲ್ಫ್ಯುರಾನ್ ಎರಡೂ ಕ್ಷಾರೀಯ ಮಣ್ಣಿನಲ್ಲಿ ನಿಧಾನವಾಗಿ ಒಡೆಯುತ್ತವೆ. ಸಾವಯವ ಅಂಶ ಕಡಿಮೆಯಿರುವ ಮರಳು ನೆಲದಲ್ಲಿ ಔಷಧಿಯನ್ನು ಹಿಡಿದಿಡುವ ಶಕ್ತಿ ಇಲ್ಲದಿರುವುದರಿಂದ ಅದು ನೇರವಾಗಿ ಬೇರಿಗೆ ಸಿಗುತ್ತದೆ. ಮರಳಿನ ಹಾಸಿನ ಮೇಲೆ ಬೆಳೆಸಿ, ಕೆಲವೇ ಮಿಲಿಮೀಟರ್ ಎತ್ತರಕ್ಕೆ ಕತ್ತರಿಸುವ ಗಾಲ್ಫ್ ಗ್ರೀನಿನ ಬೆಂಟ್‌ಗ್ರಾಸ್ ಎಲ್ಲಕ್ಕಿಂತ ಮೊದಲು ಬಳಲುತ್ತದೆ, ಚೇತರಿಸಿಕೊಳ್ಳಲು ಅದಕ್ಕೆ ಎಲೆಯೂ ಇಲ್ಲ, ಬೇರಿನ ಆಳವೂ ಇಲ್ಲ.

ಹುಲ್ಲಿನ ಜಾತಿಯೂ ಲೆಕ್ಕಕ್ಕೆ ಬರಬೇಕು. ಸೇಂಟ್ ಆಗಸ್ಟೀನ್ ಮತ್ತು ಸೆಂಟಿಪೀಡ್ ಹುಲ್ಲುಗಳು ಅಟ್ರಜಿನ್ನನ್ನು ತಮ್ಮೊಳಗೇ ನಿರ್ವಿಷಗೊಳಿಸಬಲ್ಲವು. ರೈಗ್ರಾಸ್, ಫೆಸ್ಕ್ಯೂ, ಬೆಂಟ್‌ಗ್ರಾಸ್‌ಗಳಿಗೆ ಆ ಶಕ್ತಿ ಸಾಲದು. ಗರಿಕೆ ಹಲವು ಔಷಧಿಗಳನ್ನು ತಾಳಿಕೊಂಡರೂ ಟೊಪ್ರಮೆಜೋನ್ ತಾಗಿದರೆ ಬೇಗ ಬಿಳಿಚುತ್ತದೆ. ಇನ್ನು ಯಾವ ಜಾತಿಯಾದರೂ ಸರಿ, ಮೊಳಕೆ ಮತ್ತು ಎಳೆ ಸಸಿ ಬೆಳೆದ ಹುಲ್ಲಿಗಿಂತ ಬಹಳ ಸೂಕ್ಷ್ಮ. ವರ್ಷಗಳಿಂದ ಅದೇ ನೀರು ಕುಡಿದು ಚೆನ್ನಾಗಿದ್ದ ಹುಲ್ಲುಹಾಸಿನಲ್ಲಿ ಮರುಬಿತ್ತನೆ ಮಾಡಿದ ಬೀಜ ಮಾತ್ರ ಏಳದೆ ಹೋದರೆ, ಬೀಜದ ಮಾರಾಟಗಾರನನ್ನು ದೂರುವ ಮೊದಲು ನೀರನ್ನು ಪರೀಕ್ಷಿಸಿ.

ಹಂತ 5: ಕುಂಡದಲ್ಲಿ ಪರೀಕ್ಷಿಸಿ

ಪ್ರಯೋಗಾಲಯಕ್ಕೆ ಹಣ ಕೊಡುವ ಮೊದಲು ಗಿಡವನ್ನೇ ಕೇಳಬಹುದು. ಎಂದೂ ಕಳೆನಾಶಕ ಕಾಣದ ಮಣ್ಣನ್ನು ಮರಳಿನೊಂದಿಗೆ ಬೆರೆಸಿ ಚಿಕ್ಕ ಕುಂಡಗಳಿಗೆ ತುಂಬಿ. ಕಾಂಪೋಸ್ಟ್ ಅಥವಾ ಕೋಕೋಪೀಟ್ ಹಾಕಬೇಡಿ, ಅವು ಔಷಧಿಯನ್ನು ಹೀರಿಟ್ಟುಕೊಂಡು ಪರೀಕ್ಷೆಯನ್ನೇ ಕೆಡಿಸುತ್ತವೆ. ಕುಂಡಗಳನ್ನು ಮೂರು ಗುಂಪು ಮಾಡಿ. ಒಂದಕ್ಕೆ ಶಂಕೆಯಿರುವ ನೀರು, ಎರಡನೆಯದಕ್ಕೆ ಮಳೆನೀರು ಅಥವಾ ಖಚಿತವಾಗಿ ಶುದ್ಧವಾದ ನೀರು. ಮೂರನೆಯದಕ್ಕೆ ಶಂಕೆಯಿರುವ ನೀರನ್ನೇ ಕೊಡಿ, ಆದರೆ ಸಕ್ರಿಯ ಇದ್ದಿಲಿನ ಪುಡಿ ಬೆರೆಸಿ, ಒಂದು ರಾತ್ರಿ ಬಿಟ್ಟು, ಬಟ್ಟೆಯಲ್ಲಿ ಸೋಸಿದ ಮೇಲೆ ಕೊಡಿ.

ಈ ಮೂರನೆಯ ಗುಂಪೇ ಪರೀಕ್ಷೆಯ ಜೀವಾಳ. ಇದ್ದಿಲು ಸಾವಯವ ರಾಸಾಯನಿಕಗಳನ್ನು ಹೀರುತ್ತದೆ, ಉಪ್ಪನ್ನು ಹೀರುವುದಿಲ್ಲ. ಶಂಕಿತ ನೀರಿನಲ್ಲಿ ಸೊರಗಿದ ಸಸಿ ಇದ್ದಿಲು ಸೋಸಿದ ನೀರಿನಲ್ಲಿ ಚೆನ್ನಾಗಿದ್ದರೆ ಕಳೆನಾಶಕದ ಅನುಮಾನ ಬಲವಾಗುತ್ತದೆ. ಎರಡರಲ್ಲೂ ಸೊರಗಿದರೆ ಉಪ್ಪು ಅಥವಾ ಬೇರಾವುದೋ ಕಾರಣವಿದೆ.

ಪ್ರತಿ ಗುಂಪಿನಲ್ಲೂ ನಿಮ್ಮ ಹುಲ್ಲಿನ ಬೀಜದ ಜೊತೆಗೆ ಸೌತೆ, ಟೊಮೆಟೊ ಮತ್ತು ಮೂಲಂಗಿಯ ಬೀಜಗಳನ್ನೂ ಬಿತ್ತಿ, ಏಕೆಂದರೆ ಹುಲ್ಲಿಗೆ ತಗುಲದ ಔಷಧಿ ಇವುಗಳಲ್ಲಿ ಕಾಣಿಸಿಕೊಳ್ಳುತ್ತದೆ. ಕುಂಡಗಳನ್ನು ಒಳ್ಳೆಯ ಬಿಸಿಲಿನಲ್ಲಿಯೇ ಇಡಬೇಕು. ಬಿಳಿಚುವ ಮತ್ತು ಹಳದಿಯಾಗುವ ಲಕ್ಷಣಗಳು ನೆರಳಿನಲ್ಲಿ ಸರಿಯಾಗಿ ಮೂಡುವುದಿಲ್ಲ. ಮೊಳಕೆಯಾದ ದಿನದಿಂದ ಮೂರು ವಾರ ನೋಡಿ, ಕೊನೆಯಲ್ಲಿ ಬೇರು ತೊಳೆದು ಹೋಲಿಸಿ. ಎರಡನೆಯ ಎಲೆ ಬರುವ ಮೊದಲು ತೀರ್ಮಾನಕ್ಕೆ ಬರಬೇಡಿ, ಮೊಳಕೆಯು ಅಲ್ಲಿಯವರೆಗೆ ಬೀಜದ ಆಹಾರದಿಂದಲೇ ಬೆಳೆಯುತ್ತಿರುತ್ತದೆ.

ಹಂತ 6: ಮಾದರಿಯನ್ನು ಪ್ರಯೋಗಾಲಯಕ್ಕೆ ಕಳಿಸಿ

ಹೊಂಡದ ದಡದಿಂದ ತೆಗೆದ ನೀರಿಗಿಂತ, ಕೆಲವು ನಿಮಿಷ ಪಂಪ್ ಓಡಿಸಿದ ಮೇಲೆ ಸ್ಪ್ರಿಂಕ್ಲರ್ ಬಾಯಿಯಿಂದ ಹಿಡಿದ ನೀರು ಹುಲ್ಲಿಗೆ ತಲುಪುವುದನ್ನು ನಿಜವಾಗಿ ಪ್ರತಿನಿಧಿಸುತ್ತದೆ. ಕಂದುಬಣ್ಣದ ಗಾಜಿನ ಶುದ್ಧ ಬಾಟಲಿಯಲ್ಲಿ ಹಿಡಿದು, ಸುಮಾರು 4 ಡಿಗ್ರಿ ಸೆಲ್ಸಿಯಸ್ ತಂಪಿನಲ್ಲಿಟ್ಟು, ಒಂದೆರಡು ದಿನಗಳೊಳಗೆ ತಲುಪಿಸಿ. ಡೈಕ್ವಾಟ್ ಗಾಜಿಗೆ ಅಂಟಿಕೊಳ್ಳುವುದರಿಂದ ಅದರ ಪರೀಕ್ಷೆಗೆ ಪ್ಲಾಸ್ಟಿಕ್ ಬಾಟಲಿ ಬೇಕು.

ಕೇವಲ ಕಳೆನಾಶಕ ಪರೀಕ್ಷೆ ಎಂದು ಬರೆದು ಕಳಿಸಿದರೆ ಪ್ರಯೋಜನವಿಲ್ಲ. ಒಂದೇ ಪರೀಕ್ಷೆಯಲ್ಲಿ ಎಲ್ಲವೂ ಸಿಗುವುದಿಲ್ಲ. ಗ್ಲೈಫೊಸೇಟ್‌ಗೆ, ಡೈಕ್ವಾಟ್‌ಗೆ ಸಾಮಾನ್ಯವಾಗಿ ಪ್ರತ್ಯೇಕ ವಿಧಾನಗಳೇ ಬೇಕು. ಮೊದಲ ಹಂತದಲ್ಲಿ ಬರೆದುಕೊಂಡ ಪಟ್ಟಿ ಮತ್ತು ಎಲೆಯ ಲಕ್ಷಣಗಳ ಆಧಾರದ ಮೇಲೆ ಸಕ್ರಿಯ ಅಂಶಗಳ ಹೆಸರನ್ನು ಸೂಚಿಸಿ, ಎಷ್ಟು ಸಣ್ಣ ಪ್ರಮಾಣದವರೆಗೆ ಅವರು ಗುರುತಿಸಬಲ್ಲರು ಎಂದು ಮೊದಲೇ ಕೇಳಿ. 5 ಪಿಪಿಬಿಗಿಂತ ಕೆಳಗೆ ಕಾಣದ ಪರೀಕ್ಷೆಯಲ್ಲಿ ಮೆಟ್‌ಸಲ್ಫ್ಯುರಾನ್ ಪತ್ತೆಯಾಗಲಿಲ್ಲ ಎಂಬ ವರದಿಗೆ ಅರ್ಥವಿಲ್ಲ.

ಹಂತ 7: ಮೊದಲು ನೀರನ್ನು ಬದಲಿಸಿ, ಆಮೇಲೆ ಮಣ್ಣನ್ನು ಸರಿಪಡಿಸಿ

ಅನುಮಾನ ಬಲವಾದ ದಿನದಿಂದಲೇ ಆ ನೀರನ್ನು ನಿಲ್ಲಿಸಿ. ಬೇರೆ ನೀರು ಅಲ್ಪವೇ ಸಿಕ್ಕರೂ ಹುಲ್ಲು ಒಣಗದಷ್ಟು ಕೊಟ್ಟರೆ ಸಾಕು. ಸೊರಗಿದ ಹುಲ್ಲಿಗೆ ಹೆಚ್ಚು ಸಾರಜನಕ ಕೊಟ್ಟು ಹುರಿದುಂಬಿಸುವುದು ತಪ್ಪು, ಬೆಳೆಯಲಾಗದ ಗಿಡವನ್ನು ಬೆಳೆ ಎಂದು ಒತ್ತಾಯಿಸಿದಂತಾಗುತ್ತದೆ. ಕತ್ತರಿಸುವ ಎತ್ತರವನ್ನು ಹೆಚ್ಚಿಸಿ. ಆ ಕತ್ತರಿಕೆಯನ್ನು ತರಕಾರಿ ಮಡಿಗಳಿಗೆ ಹೊದಿಕೆಯಾಗಿ ಬಳಸಬೇಡಿ, ಪಿಕ್ಲೋರಾಮ್‌ನಂಥವು ಕಾಂಪೋಸ್ಟಿನಲ್ಲಿಯೂ ಉಳಿದು ಟೊಮೆಟೊ, ಬೀನ್ಸ್ ಗಿಡಗಳನ್ನು ಕೆಡಿಸುತ್ತವೆ.

ಮಣ್ಣಿನಲ್ಲಿ ಉಳಿದದ್ದಕ್ಕೆ ಸಕ್ರಿಯ ಇದ್ದಿಲು ಪರಿಣಾಮಕಾರಿ. ನೆಲಕ್ಕೆ ಬಿದ್ದ ಪ್ರತಿ 1 ಕಿಲೋಗ್ರಾಂ ಔಷಧಿಗೆ ಸುಮಾರು 200 ಕಿಲೋಗ್ರಾಂ ಇದ್ದಿಲು ಎಂಬುದು ಬಳಕೆಯಲ್ಲಿರುವ ಅಂದಾಜು. ಉಳಿಕೆಯ ಪ್ರಮಾಣ ಗ್ರಾಂಗಳಲ್ಲಿರುವುದರಿಂದ ಈ ಲೆಕ್ಕದ ಪ್ರಕಾರ ಬಹಳ ಕಡಿಮೆ ಸಾಕೆನಿಸಿದರೂ, ನೆಲದ ಮೇಲೆ ಸಮವಾಗಿ ಹರಡಲು ಚದರ ಮೀಟರಿಗೆ 10ರಿಂದ 20 ಗ್ರಾಂ ಹಾಕುವುದು ವಾಡಿಕೆ. ಪುಡಿಯನ್ನು ಒಣದಾಗಿ ಎರಚದೆ ನೀರಿನಲ್ಲಿ ಕಲಕಿ ಹನಿಸಬೇಕು, ಕಲಕುತ್ತಲೇ ಇರಬೇಕು, ಇಲ್ಲವಾದರೆ ತಳಕ್ಕೆ ಕೂರುತ್ತದೆ. ಹಾಕಿದ ಮೇಲೆ ಎಲೆಯಿಂದ ತೊಳೆದು ಮಣ್ಣಿಗಿಳಿಯುವಷ್ಟು ಶುದ್ಧ ನೀರು ಕೊಡಿ. ಗಿಡ ಈಗಾಗಲೇ ಹೀರಿಕೊಂಡದ್ದನ್ನು ಇದ್ದಿಲು ಹಿಂತೆಗೆಯಲಾರದು.

ಧಾರಾಳವಾಗಿ ನೀರು ಹರಿಸಿ ಉಳಿಕೆಯನ್ನು ಕೆಳಕ್ಕೆ ಇಳಿಸಿಬಿಡುವ ಸಲಹೆಯೂ ಕೇಳಿಬರುತ್ತದೆ. ಮಣ್ಣಿಗೆ ಅಂಟದ ಇಮಜಾಪಿರ್‌ನಂಥವು ಹಾಗೆ ಇಳಿಯುತ್ತವೆ ನಿಜ, ಆದರೆ ಇಳಿದು ಹೋಗುವುದು ಅಂತರ್ಜಲಕ್ಕೆ. ಹತ್ತಿರದಲ್ಲಿ ಬಾವಿಯೋ ಕೊಳವೆಬಾವಿಯೋ ಇರುವ ಕಡೆ ಈ ದಾರಿಯನ್ನು ಹಿಡಿಯಲೇಬಾರದು ಎಂಬುದು ನನ್ನ ದೃಢ ಅಭಿಪ್ರಾಯ.

ಹಂತ 8: ಹೊಂಡದ ಶಿಸ್ತು ಮತ್ತು ಮರುಬಿತ್ತನೆ

ಹೊಂಡಕ್ಕೆ ಔಷಧಿ ಹಾಕಲೇಬೇಕಾದರೆ ಅದರ ನೀರಿನ ಪರಿಮಾಣವನ್ನು ಮೊದಲು ಅಳೆಯಿರಿ. ಒಂದು ಹೆಕ್ಟೇರ್ ವಿಸ್ತಾರದ, ಸರಾಸರಿ 1 ಮೀಟರ್ ಆಳದ ಹೊಂಡಕ್ಕೆ 1 ಕಿಲೋಗ್ರಾಂ ಸಕ್ರಿಯ ಅಂಶ ಬಿದ್ದರೆ 100 ಪಿಪಿಬಿ ಆಗುತ್ತದೆ. ಬೇಸಿಗೆಯಲ್ಲಿ ನೀರು ಅರ್ಧಕ್ಕಿಳಿದಾಗ ಅದೇ ಪ್ರಮಾಣ ಹಾಕಿದರೆ ಇದರ ಇಮ್ಮಡಿ. ಲೇಬಲ್ಲಿನಲ್ಲಿ ನೀರಾವರಿ ನಿಷೇಧದ ಅವಧಿಯನ್ನು ಹೇಳಿರುತ್ತಾರೆ, ಅದನ್ನು ಚಾಚೂತಪ್ಪದೆ ಪಾಲಿಸಿ. ಅಮೆರಿಕದ ಲೇಬಲ್‌ಗಳ ಪ್ರಕಾರ ಇಮಜಾಪಿರ್ ಹಾಕಿದ ನೀರನ್ನು 120 ದಿನ, ಇಲ್ಲವೇ ಉಳಿಕೆ 1 ಪಿಪಿಬಿಗೆ ಇಳಿಯುವವರೆಗೆ ನೀರಾವರಿಗೆ ಬಳಸುವಂತಿಲ್ಲ. ಡೈಕ್ವಾಟ್ ಹಾಕಿದ್ದರೆ ಹುಲ್ಲುಹಾಸಿಗೆ ಕಾಯಬೇಕಾದದ್ದು ಕೆಲವೇ ದಿನ. ಒಂದೇ ಹೊಂಡ, ಒಂದೇ ಕಳೆ, ಆದರೆ ಆಯ್ಕೆಯಿಂದ ಇಷ್ಟು ಅಂತರ ಬರುತ್ತದೆ. ನೀರಾವರಿಯ ಹೊಂಡಕ್ಕೆ ಬೇಗ ನಿಷ್ಕ್ರಿಯವಾಗುವ ಔಷಧಿಯನ್ನೇ ಆರಿಸಬೇಕು. ಕೈಯಿಂದ ಅಥವಾ ಯಂತ್ರದಿಂದ ಕಳೆ ತೆಗೆಯಲು ಸಾಧ್ಯವಿದ್ದರೆ ಅದು ಇನ್ನೂ ಒಳ್ಳೆಯದು. ಮೇಲಿನ ಹೊಲಗಳಿಂದ ನೀರು ಒಳಬರುವ ಕಡೆ ಕೆಲವು ಮೀಟರ್ ಅಗಲಕ್ಕೆ ದಟ್ಟವಾದ ಹುಲ್ಲಿನ ಪಟ್ಟಿ ಬೆಳೆಸಿದರೆ ಹೂಳಿನೊಂದಿಗೆ ಬರುವ ಔಷಧಿಗಳು ಅಲ್ಲಿಯೇ ತಂಗುತ್ತವೆ. ನೀರಿನಲ್ಲಿ ಕರಗಿ ಬರುವವುಗಳಿಗೆ ಈ ಪಟ್ಟಿ ಅಷ್ಟಾಗಿ ತಡೆಯಾಗದು. ಸಿಂಪಡಣಾ ಟ್ಯಾಂಕ್ ತುಂಬಿಸುವ ಪೈಪಿಗೆ ಹಿಮ್ಮುಖ ಹರಿವನ್ನು ತಡೆಯುವ ಕವಾಟ ಹಾಕಿಸಿ, ಪೈಪಿನ ತುದಿ ಯಾವಾಗಲೂ ದ್ರಾವಣದ ಮಟ್ಟಕ್ಕಿಂತ ಮೇಲಿರಲಿ.

ಹಾಳಾದ ಜಾಗದಲ್ಲಿ ಮರುಬಿತ್ತನೆಗೆ ಅವಸರಪಡಬೇಡಿ. ಆ ಜಾಗದ ಮೇಲಿನ 5 ಸೆಂಟಿಮೀಟರ್ ಮಣ್ಣನ್ನು ನಾಲ್ಕೈದು ಕಡೆಯಿಂದ ತೆಗೆದು ಬೆರೆಸಿ, ಕುಂಡಕ್ಕೆ ತುಂಬಿ, ಬಿತ್ತಲಿರುವ ಬೀಜವನ್ನೇ ಹಾಕಿ ಶುದ್ಧ ನೀರಿನಲ್ಲಿ ಬೆಳೆಸಿ. ಪಕ್ಕದಲ್ಲಿ ಒಳ್ಳೆಯ ಮಣ್ಣಿನ ಕುಂಡವೊಂದಿರಲಿ. ಮೂರು ವಾರಗಳ ನಂತರ ಎರಡೂ ಕುಂಡಗಳ ಸಸಿಗಳ ಎತ್ತರ, ಬಣ್ಣ, ಬೇರು ಸಮನಾಗಿದ್ದರೆ ಬಿತ್ತಿ. ಇಲ್ಲವಾದರೆ ಇದ್ದಿಲು ಹಾಕಿ, ಕನಿಷ್ಠ ಒಂದು ದಿನ ಬಿಟ್ಟು, ಹೊಸ ಮಣ್ಣಿನ ಮಾದರಿ ತೆಗೆದು ಮತ್ತೆ ಇದೇ ಪರೀಕ್ಷೆ ಮಾಡಿ.